ನೀರು ಬಂದ ದಾರಿ

ಹಳೆಯ ವಸ್ತುವನ್ನು ಹೊಸದರಂತೆ ಕಾಣಿಸುವುದು ಒಂದು ಕೆಲಸ. ಅದನ್ನು ಸರಿಪಡಿಸುವುದು ಮತ್ತೊಂದು ಕೆಲಸ. ಮೊದಲನೆಯದಕ್ಕೆ ಬಣ್ಣ ಸಾಕು. ಎರಡನೆಯದಕ್ಕೆ ಇರುವ ಬಣ್ಣವನ್ನು ಕೆರೆದು ಒಳಗೇನಿದೆ ಎಂದು ನೋಡುವ ಧೈರ್ಯ ಬೇಕು. ಈ ಎರಡರ ನಡುವಿನ ಅಂತರವನ್ನು ಅಮೆರಿಕದ ಒಹಾಯೊ ರಾಜ್ಯದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಅರುವತ್ತನೆಯ ವಯಸ್ಸು ದಾಟಿದ ಮೇಲೆ ಕಲಿಯಬೇಕಾಯಿತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಹೇಳಿಕೊಟ್ಟವರು ಅವರು. ಅವರಿಗೆ ಪಾಠ ಹೇಳಿದ್ದು ಮಳೆಯ ನೀರು.

ಮೋಟಾರು ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಪುಟ್ಟ ಗಾಲಿಮನೆಗಳ ಮೇಲೆ ಅಮೆರಿಕದ ಜನರಿಗೆ ಬಹುಕಾಲದಿಂದ ಒಲವು. ಅವನ್ನು ಅಲ್ಲಿ ಟ್ರಾವೆಲ್ ಟ್ರೇಲರ್ ಎಂದು ಕರೆಯುತ್ತಾರೆ. 1930ರ ದಶಕದಲ್ಲಿ ವಾಲಿ ಬಯಮ್ ಎಂಬಾತ ಏರ್‌ಸ್ಟ್ರೀಮ್ ಎಂಬ ಹೆಸರಿನಿಂದ ಅಲ್ಯೂಮಿನಿಯಂ ಮೈಯ ದುಂಡನೆಯ ಟ್ರೇಲರುಗಳನ್ನು ತಯಾರಿಸಿ ಹೆಸರಾದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಟಲ್ಸಾ ನಗರದ ಸ್ಪಾರ್ಟನ್ ವಿಮಾನ ಕಂಪನಿಯೂ ಇದೇ ಕೆಲಸಕ್ಕೆ ಇಳಿಯಿತು. ಮುಂದೆ 1950 ಮತ್ತು 60ರ ದಶಕಗಳಲ್ಲಿ ಸಾಮಾನ್ಯ ಸಂಸಾರಸ್ಥರಿಗೂ ಎಟುಕುವಂಥ ಸಣ್ಣ ಟ್ರೇಲರುಗಳು ಬಂದವು. ಪಕ್ಕದಿಂದ ನೋಡಿದರೆ ಅವು ಮೂಲೆಗಳನ್ನು ಉರುಟು ಮಾಡಿದ ತಗಡಿನ ಡಬ್ಬಿಯಂತೆ ಕಾಣುತ್ತವೆ. ಒಳಗೆ ಒಂದು ಒಲೆ, ಒಂದು ಮೇಜು, ರಾತ್ರಿ ಹಾಸಿಗೆಯಾಗುವ ಎರಡು ಬೆಂಚು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊಲದ ಕೊಟ್ಟಿಗೆಗಳಲ್ಲಿ, ಮನೆಯ ಹಿತ್ತಿಲುಗಳಲ್ಲಿ ಬಿದ್ದಿದ್ದ ಇಂಥ ಟ್ರೇಲರುಗಳನ್ನು ಹುಡುಕಿ ತಂದು ಮೊದಲಿನ ರೂಪಕ್ಕೆ ತರುವ ಹವ್ಯಾಸ ಈಗ ಅಲ್ಲಿ ಅನೇಕರಿಗಿದೆ.

ಆ ಅಧ್ಯಾಪಕರೂ ನಿವೃತ್ತರಾದ ವರ್ಷ ಒಬ್ಬ ರೈತನ ಕೊಟ್ಟಿಗೆಯಿಂದ 16 ಅಡಿಯ ಒಂದು ಟ್ರೇಲರನ್ನು ಕೊಂಡು ತಂದರು. ಚಳಿಗಾಲವೆಲ್ಲ ದುಡಿದರು. ಒಳಗಿನ ಬರ್ಚ್ ಮರದ ಹಲಗೆಗಳನ್ನು ಉಜ್ಜಿ ಜೇನಿನ ಬಣ್ಣಕ್ಕೆ ತಂದರು. ಒಲೆಯನ್ನು ಬಿಚ್ಚಿ ಬೆಳಗಿದರು. ಹೊರಮೈಗೆ ಬಿಳಿ ಮತ್ತು ತಿಳಿಹಸಿರು ಬಣ್ಣ ಹಚ್ಚಿದರು. ಅವರ ಪತ್ನಿ ಕಿಟಕಿಗಳಿಗೆ ಹೂವಿನ ಪರದೆ ಹೊಲಿದುಕೊಟ್ಟರು. ವಸಂತ ಬರುವ ಹೊತ್ತಿಗೆ ದಾರಿಹೋಕರು ನಿಂತು ನೋಡುವಂತಾಯಿತು. ನೂರೈವತ್ತು ಮೈಲಿ ದೂರದ ಊರಿನಿಂದ ಒಂದು ಯುವ ದಂಪತಿ ನಾಲ್ಕು ವರ್ಷದ ಮಗಳೊಡನೆ ಬಂದು ನೋಡಿ, ಮೆಚ್ಚಿ, ಶನಿವಾರ ಬಂದು ಒಯ್ಯುವುದಾಗಿ ಹೇಳಿ ಮುಂಗಡ ಕೊಟ್ಟುಹೋದರು.

ಗುರುವಾರ ಸಂಜೆ ಹಿಂಭಾಗದ ಬಲಮೂಲೆಯಲ್ಲಿ ಪರದೆಯ ಕಂಬಿಗೆ ಸ್ಕ್ರೂ ಹಾಕುವಾಗ ಅದು ಕಚ್ಚಿಕೊಳ್ಳದೆ ಸುಮ್ಮನೆ ತಿರುಗಿತು. ದಬ್ಬಳದಿಂದ ಚುಚ್ಚಿದರೆ ಅದರ ಮೊನೆ ನೆನೆದ ರೊಟ್ಟಿಯೊಳಗೆ ಹೋದಂತೆ ಒಳಗಿಳಿಯಿತು. ಹಲಗೆಯ ಹಿಂದಿನ ಕಟ್ಟು ಲಡ್ಡು ಹಿಡಿದಿದೆಯೆಂದು ಮರದೊಡನೆ ಬಾಳಿದವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಂಬಿಯನ್ನು ನಾಲ್ಕು ಅಂಗುಲ ಈಚೆಗೆ ಸರಿಸಿ ಗಟ್ಟಿ ಮರಕ್ಕೆ ಬಿಗಿದರು. ಮೂಲೆಗೆ ತೆಳುವಾದ ಹೊಸ ಹಲಗೆಯೊಂದನ್ನು ಹೊಂದಿಸಿ ಅಂಟಿಸಿದರು. ಹೊರಗಿನ ಸಂದಿಗೆ ಅಂಗಡಿಯಿಂದ ತಂದ ಸಿಲಿಕೋನನ್ನು ದಪ್ಪನಾಗಿ ಮೆತ್ತಿದರು. ಶನಿವಾರ ಬಂದವರು ಆ ಮೂಲೆಯ ಬಗ್ಗೆ ಏನೂ ಕೇಳಲಿಲ್ಲ. ಇವರು ಏನೂ ಹೇಳಲಿಲ್ಲ. ಸುಳ್ಳಿನ ಒಂದು ಮಾತೂ ಅಲ್ಲಿ ನಡೆಯಲಿಲ್ಲ.

ಮರುವರ್ಷದ ವಸಂತದಲ್ಲಿ ದೂರವಾಣಿ ಬಂತು. ಮಾತನಾಡಿದವನು ಆ ಯುವಕ. ಹಿಂದಿನ ಮೂಲೆಯಲ್ಲಿ ನೆಲ ಕುಸಿದು ಮಗಳ ಕಾಲು ಒಳಗೆ ಹೋಯಿತಂತೆ, ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಗೋಡೆಯಿಂದ ಬೂಷ್ಟಿನ ವಾಸನೆ ಬರುತ್ತಿದೆ. ಇಷ್ಟನ್ನು ಹೇಳಿ ಅವನು ಜಗಳಕ್ಕೆ ನಿಂತಿದ್ದರೆ ಅಧ್ಯಾಪಕರಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಆದರೆ ಆತ ಕ್ಷಮೆ ಕೇಳಿದ. “ಚಳಿಗಾಲದಲ್ಲಿ ನಾವು ಸರಿಯಾಗಿ ನೋಡಿಕೊಳ್ಳಲಿಲ್ಲವೇನೋ. ನೀವು ಅಷ್ಟು ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ನಾವು ಒಂದೇ ವರ್ಷದಲ್ಲಿ ಹಾಳುಮಾಡಿಬಿಟ್ಟೆವು. ಹೇಗೆ ಸರಿಮಾಡಬೇಕು, ದಯವಿಟ್ಟು ಹೇಳಿಕೊಡಿ” ಎಂದ.

ಅಧ್ಯಾಪಕರು ಬಾಯಲ್ಲಿ ಏನೋ ಎರಡು ಮಾತು ಆಡಿ ಫೋನು ಇಟ್ಟರು. ರಾತ್ರಿ ಪತ್ನಿಗೆ ನಡೆದುದನ್ನು ತಿಳಿಸಿದರು. ಆಕೆ ಎಲ್ಲವನ್ನೂ ಕೇಳಿ, “ಆ ಮೂಲೆಯನ್ನು ನೀವು ನನಗೂ ತೋರಿಸಲಿಲ್ಲ” ಎಂದಷ್ಟೇ ಹೇಳಿದರು. ತಾನು ಕೊಳ್ಳುವವರಿಂದ ಮಾತ್ರ ಅದನ್ನು ಮರೆಸಿದ್ದಲ್ಲ ಎಂಬುದು ಅವರಿಗೆ ಆಗ ಹೊಳೆಯಿತು.

ಮರುದಿನ ಬೆಳಗ್ಗೆ ಹೊರಟು ಆ ಮನೆಯ ಅಂಗಳದಲ್ಲಿ ನಿಂತು ಹೇಳಿದರು: “ಇದು ನಿಮ್ಮಿಂದ ಆದದ್ದಲ್ಲ. ನಾನು ಮಾರುವಾಗಲೇ ಇಲ್ಲಿ ಮರ ಕೊಳೆತಿತ್ತು. ನನಗೆ ಗೊತ್ತಿತ್ತು.” ಯುವಕ ಬಹಳ ಹೊತ್ತು ಮಾತನಾಡಲಿಲ್ಲ. ಅವನ ಹೆಂಡತಿ, “ಆ ಮೂಲೆಯಲ್ಲೇ ನಮ್ಮ ಮಗು ಮಲಗುತ್ತಿತ್ತು” ಎಂದು ಹೇಳಿ ಒಳಗೆ ಹೊರಟುಹೋದಳು. ಕೊನೆಗೆ ಯುವಕ ಕೇಳಿದ: “ಇನ್ನೂ ಎಲ್ಲೆಲ್ಲಿ ಹೀಗಿದೆ?”

ಈ ಪ್ರಶ್ನೆಗೆ ಅಧ್ಯಾಪಕರ ಬಳಿ ಉತ್ತರವಿರಲಿಲ್ಲ. ಆ ಗುರುವಾರದ ಸಂಜೆ ಅವರು ಬೇರೆಲ್ಲೂ ದಬ್ಬಳ ಚುಚ್ಚಿ ನೋಡಿರಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು, ತಿಳಿದಿದ್ದರೆ ಹೇಳಬೇಕಾಗುತ್ತಿತ್ತು. ತಿಳಿಯದೆ ಇರುವುದಕ್ಕಾಗಿಯೇ ನೋಡದೆ ಇದ್ದದ್ದು. ನಾಲಿಗೆ ಸುಳ್ಳಾಡದಂತೆ ಕಾಯುವವರು ಅನೇಕರಿದ್ದಾರೆ. ಕಣ್ಣು ಸುಳ್ಳಾಡದಂತೆ ಕಾಯುವವರು ವಿರಳ. “ಗೊತ್ತಿಲ್ಲ. ಬಿಚ್ಚಿ ನೋಡಿ ಎಲ್ಲವನ್ನೂ ನಿಮಗೆ ತೋರಿಸುತ್ತೇನೆ” ಎಂದು ಹೇಳಿ, ಟ್ರೇಲರನ್ನು ತಮ್ಮ ವಾಹನಕ್ಕೆ ಕಟ್ಟಿಕೊಂಡು ಮನೆಗೆ ತಂದರು. ಹಣ ಹಿಂದಿರುಗಿಸುತ್ತೇನೆ ಎಂದಿದ್ದರು. ಯುವಕ, ಮೊದಲು ಕೆಲಸವಾಗಲಿ, ಆಮೇಲೆ ನೋಡೋಣ ಎಂದಿದ್ದ.

ಬಿಚ್ಚಿದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀರಿನ ನಡತೆಯಲ್ಲಿ ಮನುಷ್ಯನಿಗೂ ತಿಳಿವಳಿಕೆಯಿದೆ. ಇಂಥ ಟ್ರೇಲರಿನ ಗೋಡೆ ನೋಡಲು ಒಂದಾಗಿ ಕಂಡರೂ ಮೂರು ಪದರದ್ದು. ಒಳಗಡೆ ತೆಳುವಾದ ಪ್ಲೈವುಡ್. ನಡುವೆ ಸಣ್ಣ ಸಣ್ಣ ರೀಪರುಗಳ ಕಟ್ಟು, ಆ ರೀಪರುಗಳ ಸಂದುಗಳಲ್ಲಿ ಗಾಜಿನ ನಾರಿನ ಹೊದಿಕೆ. ಹೊರಗಡೆ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಅಲ್ಯೂಮಿನಿಯಂ ತಗಡು. ಪಕ್ಕದ ತಗಡು ಮತ್ತು ಚಾವಣಿಯ ತಗಡು ಕೂಡುವ ಅಂಚಿನ ಉದ್ದಕ್ಕೂ ಒಂದು ಲೋಹದ ಪಟ್ಟಿಯನ್ನಿಟ್ಟು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಪಟ್ಟಿಯ ಕೆಳಗೆ ಮೆತ್ತನೆಯ ಪುಟ್ಟಿ. ನೀರನ್ನು ತಡೆಯುವುದು ಈ ಪುಟ್ಟಿಯೇ ಹೊರತು ತಗಡಲ್ಲ.

ಎಣ್ಣೆಯ ಪುಟ್ಟಿ ವರ್ಷಗಳು ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ತಗಡಿನ ಗುಣವೂ ಕಾರಣ. ಅಲ್ಯೂಮಿನಿಯಂ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಚಳಿಗಾಲದ ರಾತ್ರಿಗೂ ಬೇಸಗೆಯ ಮಧ್ಯಾಹ್ನಕ್ಕೂ 50 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ 4 ಮೀಟರ್ ಉದ್ದದ ತಗಡು ಸುಮಾರು 4.5 ಮಿಲಿಮೀಟರ್ ಬೆಳೆದು ಕುಗ್ಗುತ್ತದೆ. ಅದರ ಕೆಳಗಿನ ಮರವು ಅಷ್ಟು ಬೆಳೆಯುವುದಿಲ್ಲ. ಹೀಗೆ ಜೊತೆಗಿರುವ ಎರಡರಲ್ಲಿ ಒಂದು ಚಲಿಸಿ ಇನ್ನೊಂದು ಚಲಿಸದಿದ್ದರೆ ನಡುವಿನ ಬಂಧ ಹರಿಯುತ್ತದೆ. ನೀರಿಗೆ ಕೂದಲೆಳೆಯಷ್ಟು ಬಿರುಕು ಸಾಕು. ಅದು ಸಂದಿನೊಳಗೆ ತಾನಾಗಿಯೇ ಹೀರಿಕೊಂಡು ಹೋಗುತ್ತದೆ. ಸ್ಕ್ರೂವಿನ ಸುತ್ತ ಇಳಿದು ಮರವನ್ನು ತಲುಪುತ್ತದೆ.

ಕಲೆ ಕಂಡಲ್ಲಿಯೇ ತೂತು ಇರುತ್ತದೆಂದು ತಿಳಿಯುವುದು ಮೊದಲ ತಪ್ಪು. ಆ ಟ್ರೇಲರಿನಲ್ಲಿ ಕೊಳೆತದ್ದು ಹಿಂದಿನ ಬಲಮೂಲೆಯ ಬುಡ. ನೀರು ಒಳಹೊಕ್ಕಿದ್ದು ಚಾವಣಿಯ ನಡುವಿನ ಗಾಳಿಕಿಂಡಿಯ ಚೌಕಟ್ಟಿನಲ್ಲಿ. ಅಲ್ಲಿಂದ ಒಂದು ರೀಪರನ್ನು ಹಿಡಿದು ಹಿಂದಕ್ಕೆ ಹರಿದು, ಬಾಗಿದ ಗೋಡೆಯಗುಂಟ ಇಳಿದು, ಮೂಲೆಯಲ್ಲಿ ನಿಂತಿತ್ತು. ದಾರಿಯುದ್ದಕ್ಕೂ ಮರ ಕಪ್ಪಾಗಿತ್ತು. ಮೂಲೆಗೆ ಮೆತ್ತಿದ್ದ ಸಿಲಿಕೋನು ಹೊರಗಿನಿಂದ ಒಂದು ಹನಿಯನ್ನೂ ತಡೆದಿರಲಿಲ್ಲ, ಏಕೆಂದರೆ ಅಲ್ಲಿ ಹೊರಗಿನಿಂದ ನೀರು ಬರುತ್ತಲೇ ಇರಲಿಲ್ಲ. ಒಳಗೆ ಬಂದ ನೀರು ಹೊರಹೋಗುವುದನ್ನು ಮಾತ್ರ ಅದು ತಡೆದಿತ್ತು. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ನೀರೇ ಆಹಾರದ ದಾರಿ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು, ಶೇಕಡಾ 30ರ ಸುಮಾರಿಗೆ ಏರಿದರೆ ಹಬ್ಬುತ್ತದೆ. ಮಾರುವ ಅವಸರದಲ್ಲಿ ಮಾಡಿದ ಉಪಾಯ ಶಿಲೀಂಧ್ರಕ್ಕೆ ಮನೆ ಕಟ್ಟಿಕೊಟ್ಟಂತಾಗಿತ್ತು. ಕೇವಲ ಮುಚ್ಚಿಡಲಿಲ್ಲ, ಮುಚ್ಚಿಟ್ಟು ಬೆಳೆಸಿದ್ದರು.

ಆ ಮೆತ್ತನೆಯ ಮರದಲ್ಲಿ ಕಪ್ಪು ಇರುವೆಗಳು ಗೂಡು ಮಾಡಿದ್ದವು. ಇವು ಗೆದ್ದಲಿನಂತೆ ಮರವನ್ನು ತಿನ್ನುವುದಿಲ್ಲ. ತೇವದಿಂದ ಮೆತ್ತಗಾದ ಮರವನ್ನು ಕೊರೆದು ವಾಸಿಸುತ್ತವೆ, ಕೊರೆದ ಪುಡಿಯನ್ನು ಹೊರಕ್ಕೆ ತಂದು ಹಾಕುತ್ತವೆ. ಸಿಂಪಡಿಸುವ ವಿಷ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿತ್ತು. ಅಧ್ಯಾಪಕರು ಕೊಳೆತ ತುಂಡುಗಳನ್ನು ಇರುವೆಗಳ ಸಮೇತ ಮೆಲ್ಲಗೆ ಬಿಡಿಸಿ, ಹಿತ್ತಿಲ ಕೊನೆಯ ಮೇಪಲ್ ಮರಗಳ ಬುಡದಲ್ಲಿ ಇಟ್ಟುಬಂದರು. ತಪ್ಪು ಇರುವೆಗಳದಲ್ಲ, ಅವು ಕರೆದಲ್ಲಿಗೆ ಬಂದಿದ್ದವು. ಒಣ ಮರ ಹಾಕಿದ ಮೇಲೆ ಅವು ಮರಳಿ ಬರಲಿಲ್ಲ.

ಆ ಬೇಸಗೆಯ ಕೆಲಸ ಹಿಂದಿನ ಚಳಿಗಾಲದ ಕೆಲಸಕ್ಕೆ ತದ್ವಿರುದ್ಧ ಕ್ರಮದಲ್ಲಿ ನಡೆಯಿತು. ದೋಣಿಗೆ ತೂತು ಬಿದ್ದಾಗ ಮೊದಲು ತೂತನ್ನು ಮುಚ್ಚಿ ಆಮೇಲೆ ನೀರನ್ನು ಮೊಗೆಯಬೇಕೆಂಬ ಉಪಮೆಯನ್ನು ಹಿರಿಯರು ಬೇರೊಂದು ಅರ್ಥದಲ್ಲಿ ಬಳಸಿದ್ದಾರೆ. ಇಲ್ಲಿ ಅದು ಅಕ್ಷರಶಃ ನಿಜ. ತೂತು ಇರುವಾಗ ಒಳಗಿನದನ್ನು ಒರೆಸುತ್ತ ಕುಳಿತರೆ ಆಯುಷ್ಯ ಸಾಲದು.

ಮೊದಲು ಅಂಚಿನ ಪಟ್ಟಿಗಳನ್ನೆಲ್ಲ ಬಿಚ್ಚಿದರು. ಐವತ್ತು ವರ್ಷಗಳ ಪುಟ್ಟಿಯನ್ನು, ಯಾರೋ ಮೆತ್ತಿದ್ದ ಡಾಂಬರನ್ನು ಪ್ಲಾಸ್ಟಿಕ್ಕಿನ ಕೆರೆಗತ್ತಿಯಿಂದ ತಗಡು ಗೀಚದಂತೆ ತೆಗೆದರು. ಎಲ್ಲಕ್ಕಿಂತ ಕಾಡಿದ್ದು ತಾವೇ ಹಚ್ಚಿದ್ದ ಸಿಲಿಕೋನು. ಒಮ್ಮೆ ಒಣಗಿದ ಸಿಲಿಕೋನಿನ ಮೇಲೆ ಬಣ್ಣ ಹಿಡಿಯದು, ಬೇರೆ ಯಾವ ಸೀಲಂಟೂ ಹಿಡಿಯದು, ಹೊಸ ಸಿಲಿಕೋನೂ ಸರಿಯಾಗಿ ಹಿಡಿಯದು. ಕೆರೆದ ಮೇಲೂ ಕಣ್ಣಿಗೆ ಕಾಣದ ಪೊರೆಯೊಂದು ಉಳಿದು, ಮುಂದಿನ ಕೆಲಸವನ್ನೆಲ್ಲ ಕೆಡಿಸುತ್ತದೆ. ಹತ್ತು ನಿಮಿಷದಲ್ಲಿ ಹಚ್ಚಿದ್ದನ್ನು ತೆಗೆಯಲು ಎರಡು ದಿನ ಹಿಡಿಯಿತು.

ಕೊಳೆತ ಕಟ್ಟನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ಹೊಸ ತುಂಡುಗಳನ್ನು ಕೂಡಿಸಿದರು. ನೆಲದ ಪ್ಲೈವುಡ್ಡನ್ನು ಬದಲಿಸಿದರು. ತುಕ್ಕು ತಿಂದ ಸ್ಕ್ರೂಗಳ ಸಡಿಲ ತೂತುಗಳಿಗೆ ಅಂಟು ಸವರಿದ ಮರದ ಬೆಣೆಗಳನ್ನು ಹೊಡೆದು, ಹೊಸದಾಗಿ ತೂತು ಕೊರೆದರು. ಆಮೇಲೆ ಬ್ಯೂಟೈಲ್ ಟೇಪು. ಇದು 1937ರಲ್ಲಿ ಕಂಡುಹಿಡಿದ ಕೃತಕ ರಬ್ಬರಿನ ಜಾತಿ. ಗಾಳಿಯನ್ನು ಹೊರಬಿಡದ ಗುಣದಿಂದಾಗಿ ಟೈರಿನ ಟ್ಯೂಬುಗಳಿಗೆ ಬಳಕೆಯಾದದ್ದು. ಇದರ ಟೇಪು ಒಣಗಿ ಗಟ್ಟಿಯಾಗದೆ ಬಹುಕಾಲ ಮೆತ್ತಗೇ ಉಳಿಯುತ್ತದೆ. ತಗಡು ಹಿಗ್ಗಿದಾಗ ತಾನೂ ಹಿಗ್ಗಿ, ಕುಗ್ಗಿದಾಗ ತಾನೂ ಕುಗ್ಗುತ್ತದೆ. ಟೇಪಿಟ್ಟು ಪಟ್ಟಿಯನ್ನು ಬಿಗಿದರು. ಕೆಲವು ದಿನ ಬಿಸಿಲಿನಲ್ಲಿ ಬಿಟ್ಟು ಮತ್ತೊಮ್ಮೆ ಬಿಗಿದರು. ಅಂಚಿನಿಂದ ಹೊರಬಂದದ್ದನ್ನು ಮಾತ್ರ ಕತ್ತರಿಸಿದರು. ಒಮ್ಮೆಗೇ ಬಲ ಹಾಕಿ ಬಿಗಿದರೆ ಟೇಪೆಲ್ಲ ಹೊರಗೆ ಬಂದು ಒಳಗೆ ಬರಿದಾಗುತ್ತದೆ.

ಈ ಉತ್ಸಾಹದಲ್ಲಿ ಇನ್ನೊಂದು ತಪ್ಪು ಆಗುವುದರಲ್ಲಿತ್ತು. ಕಿಟಕಿಯ ಚೌಕಟ್ಟಿನ ಕೆಳಪಟ್ಟಿಯಲ್ಲಿ ಎರಡು ಸಣ್ಣ ತೂತುಗಳಿದ್ದವು. ಅವನ್ನೂ ಮುಚ್ಚಲು ಕೈಯೆತ್ತಿದವರು ತಡೆದು ಯೋಚಿಸಿದರು. ಅವು ಸೋರುವ ತೂತುಗಳಲ್ಲ; ಗಾಜಿನ ಮೇಲಿಂದ ಇಳಿದು ಚೌಕಟ್ಟಿನಲ್ಲಿ ನಿಂತ ನೀರು ಹೊರಹೋಗಲೆಂದು ತಯಾರಿಸಿದವರೇ ಬಿಟ್ಟ ದಾರಿ. ಚಾವಣಿಯ ಗಾಳಿಕಿಂಡಿಯೂ ಹಾಗೆಯೇ. ಒಳಗೆ ಮಲಗಿದವರ ಉಸಿರಿನಲ್ಲಿ ನೀರಿದೆ. ಚಳಿಯ ರಾತ್ರಿ ಅದು ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಎಲ್ಲ ದಾರಿಗಳನ್ನೂ ಮುಚ್ಚಿದ ಟ್ರೇಲರು ಮಳೆಯಿಲ್ಲದೆಯೂ ಒಳಗಿನಿಂದಲೇ ನೆನೆಯುತ್ತದೆ. ಎಲ್ಲಿ ಮುಚ್ಚಬೇಕು, ಎಲ್ಲಿ ತೆರೆದಿಡಬೇಕು ಎಂಬ ವಿವೇಕವಿಲ್ಲದ ಕಟ್ಟುನಿಟ್ಟು ಬೇರೊಂದು ಬಗೆಯ ಅಜಾಗರೂಕತೆಯೇ ಸರಿ.

ಕೆಲಸ ನಡೆದ ದಿನಗಳಲ್ಲೆಲ್ಲ ಅವರು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರು: ಎಲ್ಲಿ ಕೊಳೆತಿತ್ತು, ಎಷ್ಟು ಕತ್ತರಿಸಿದ್ದು, ಯಾವ ರೀಪರು ಹಳೆಯದೇ ಉಳಿದಿದೆ, ಎಲ್ಲಿ ಸಂಶಯವಿದೆ. ಎದುರು ಪುಟದಲ್ಲಿ ಛಾಯಾಚಿತ್ರ ಅಂಟಿಸಿದರು. ಮೊದಲ ಪುಟದಲ್ಲಿ ಆ ಗುರುವಾರ ತಾವು ಮಾಡಿದ್ದನ್ನು ಬರೆದರು.

ಶರತ್ಕಾಲದ ಆರಂಭದಲ್ಲಿ ಆ ದಂಪತಿ ಬಂದರು. ಯುವಕ ಹೊಸ ಮೂಲೆಯನ್ನು ನೋಡಿ ತಲೆದೂಗಿದ. ಅವನ ಹೆಂಡತಿ ಬಣ್ಣವನ್ನಾಗಲಿ ಪರದೆಯನ್ನಾಗಲಿ ನೋಡಲಿಲ್ಲ. ಬೆಂಚಿನ ಮೇಲೆ ಕುಳಿತು ನೋಟುಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ ಮುಗಿಸಿ, “ನೀರು ಹೊಡೆದು ನೋಡಬೇಕು. ಪೈಪನ್ನು ನಾನೇ ಹಿಡಿಯುತ್ತೇನೆ” ಎಂದಳು.

ಸೋರಿಕೆಯನ್ನು ಪರೀಕ್ಷಿಸುವ ಕ್ರಮ ಸರಳವಾದದ್ದು. ಕೆಳಗಿನಿಂದ ಆರಂಭಿಸಿ ಮೇಲೆ ಹೋಗಬೇಕು. ಮೇಲಿನಿಂದ ಸುರಿದರೆ ಯಾವ ಸಂದು ಸೋರಿತೆಂದು ತಿಳಿಯುವುದಿಲ್ಲ. ಒಂದೊಂದು ಭಾಗಕ್ಕೂ ಕೆಲವು ನಿಮಿಷ ನೀರು ಬಿಟ್ಟು ಕಾಯಬೇಕು. ಒಬ್ಬರು ಹೊರಗೆ, ಒಬ್ಬರು ಟಾರ್ಚು ಹಿಡಿದು ಒಳಗೆ. ಅಧ್ಯಾಪಕರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಳಿತರು. ಹೊರಗೆ ಆಕೆ ಪೈಪು ಹಿಡಿದಳು. ಮೊದಲು ಬುಡದ ಸಂದು. ಆಮೇಲೆ ಕಿಟಕಿಗಳ ಕೆಳಗೆ, ಪಕ್ಕದಲ್ಲಿ, ಮೇಲೆ. ಆಮೇಲೆ ಅಂಚಿನ ಪಟ್ಟಿಗಳು. ತಗಡಿನ ಮೇಲೆ ನೀರಿನ ಸದ್ದು ಒಳಗೆ ದೊಡ್ಡದಾಗಿ ಕೇಳುತ್ತಿತ್ತು. ಮುಕ್ಕಾಲು ಗಂಟೆ ಕಳೆಯಿತು. ಮೂಲೆ ಒಣಗಿತ್ತು, ನೆಲ ಒಣಗಿತ್ತು. ಕೊನೆಗೆ ನೀರು ಚಾವಣಿಯ ಗಾಳಿಕಿಂಡಿಯನ್ನು ಮುಟ್ಟಿತು.

ಆಗ ಕಿಂಡಿಯ ಚೌಕಟ್ಟಿನ ಒಂದು ಮೂಲೆಯಲ್ಲಿ, ಟಾರ್ಚಿನ ಬೆಳಕಿನಲ್ಲಿ, ಒಂದು ಹನಿ ಮೂಡಿತು. ಸಾಸಿವೆಯಷ್ಟಿತ್ತು, ಕಡಲೆಯಷ್ಟಾಯಿತು, ಬೀಳದೆ ಅಲ್ಲಿಯೇ ನಡುಗುತ್ತ ನಿಂತಿತು. ಹೆಬ್ಬೆರಳಿನಿಂದ ಒರೆಸಿದ್ದರೆ ಮುಗಿಯುತ್ತಿತ್ತು. ದಂಪತಿ ಹೋದ ಮೇಲೆ ಸಂಜೆ ಸರಿಪಡಿಸಿ ನಾಳೆ ಒಪ್ಪಿಸಬಹುದಿತ್ತು. ಒಳಗೆ ಬೇರೆ ಯಾರೂ ಇರಲಿಲ್ಲ. ಆ ಹನಿಯನ್ನು ಕಂಡವರು ಜಗತ್ತಿನಲ್ಲಿ ಅವರೊಬ್ಬರೇ.

ಅವರು ಗೋಡೆಯನ್ನು ಬಡಿದು ಗಟ್ಟಿಯಾಗಿ ಕೂಗಿದರು: “ನಿಲ್ಲಿಸಿ! ಇಲ್ಲಿ ಸೋರುತ್ತಿದೆ. ಒಳಗೆ ಬಂದು ನೋಡಿ.”

ನೀರಿನ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಆಕೆ ಒಳಗೆ ಬಂದು ತಲೆಯೆತ್ತಿ ನೋಡಿದಳು. ಹನಿ ಆಗ ಬಿತ್ತು. ಆಕೆಯ ಮುಖದಲ್ಲಿ ಕೋಪವಿರಲಿಲ್ಲ. ಬೆಂಚಿನ ಮೇಲಿದ್ದ ನೋಟುಪುಸ್ತಕವನ್ನು ತೆಗೆದು ಅವರ ಕೈಗೆ ಕೊಟ್ಟು, “ಇದನ್ನೂ ಬರೆದುಬಿಡಿ” ಎಂದಳು. ಆ ಚೌಕಟ್ಟನ್ನು ಮೂವರೂ ಸೇರಿ ಬಿಚ್ಚಿದರು. ಒಂದು ಕಡೆ ಟೇಪಿನ ಎರಡು ತುದಿಗಳು ಕೂಡದೆ ಎಳ್ಳಿನಷ್ಟು ಜಾಗ ಉಳಿದಿತ್ತು. ಸರಿಮಾಡಿ ಮತ್ತೆ ನೀರು ಹೊಡೆದು ನೋಡುವ ಹೊತ್ತಿಗೆ ಕತ್ತಲಾಗಿತ್ತು. ಹಣ ಹಿಂದಿರುಗಿಸುವ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಟ್ರೇಲರು ಅವರೊಡನೆ ಹೋಯಿತು.

ಅದಾದ ಮೇಲೆ ಅಧ್ಯಾಪಕರು ಇನ್ನೂ ಕೆಲವು ಟ್ರೇಲರುಗಳನ್ನು ಸರಿಪಡಿಸಿದ್ದಾರೆ. ಪ್ರತಿಯೊಂದಕ್ಕೂ ಒಂದು ನೋಟುಪುಸ್ತಕವಿದೆ. ಕೊಳ್ಳಲು ಬಂದವರ ಕೈಗೆ ಬೀಗದ ಕೈಗಿಂತ ಮೊದಲು ಅದನ್ನು ಕೊಡುತ್ತಾರೆ. ಓದಿ ಹಿಂದಕ್ಕೆ ಹೋದವರೂ ಇದ್ದಾರೆ, ಬೆಲೆ ಇಳಿಸಿ ಕೇಳಿದವರೂ ಇದ್ದಾರೆ. ಅದರಿಂದ ಆದ ನಷ್ಟವನ್ನು ಅವರು ಲೆಕ್ಕ ಹಾಕಿಲ್ಲ. ಮಳೆ ಬಂದ ರಾತ್ರಿ ಮಾತ್ರ ಟಾರ್ಚು ಹಿಡಿದು ಕೊಟ್ಟಿಗೆಗೆ ಹೋಗಿ, ಕೆಲಸ ನಡೆಯುತ್ತಿರುವ ಟ್ರೇಲರಿನೊಳಗೆ ಸ್ವಲ್ಪ ಹೊತ್ತು ಕುಳಿತು ಬರುತ್ತಾರೆ. ಈಗ ಪತ್ನಿಯೂ ಜೊತೆಗೆ ಹೋಗುತ್ತಾರೆ. ಮೂಲೆಗಳನ್ನು ನೋಡುವುದು ಅವರ ಪಾಲಿನ ಕೆಲಸ.